ಚಿತ್ರದೊಳಗಿನ ಕಳ್ಳನಿಗೆ ಯಾವ ಬಣ್ಣ?

ಕಳೆದ ಬೇಸಿಗೆ ರಜೆಗೆ ಬಂದಿದ್ದ ಐದೂವರೆ ವರ್ಷದ ಮೊಮ್ಮಗಳು ಒಂದು ಮಧ್ಯಾಹ್ನ ಬಣ್ಣ ತುಂಬುವ ಪುಸ್ತಕ ಹರಡಿಕೊಂಡು ಕುಳಿತಿದ್ದಳು. ಪುಟದಲ್ಲಿ ರಾಜ, ರಾಣಿ, ರಾಜಕುಮಾರಿ. ಮೂಲೆಯಲ್ಲಿ ಗಂಟು ಹೊತ್ತು ಓಡುತ್ತಿರುವ ಒಬ್ಬ ಕಳ್ಳ. ‘ತಾತ, ಸ್ಕಿನ್ ಕಲರ್ ಎಲ್ಲಿ ಬಿತ್ತು ನೋಡು’ ಎಂದಳು. ಮಂಚದ ಕೆಳಗೆ ತಡಕಾಡಿ ನಾನು ತೆಗೆದುಕೊಟ್ಟ ಕ್ರೇಯಾನ್ ನಸುಗುಲಾಬಿಯದು. ನಮ್ಮ ಮನೆತನದಲ್ಲಿ ಮೂರು ತಲೆಮಾರಿನಿಂದ ಯಾರಿಗೂ ಆ ಮೈಬಣ್ಣವಿಲ್ಲ. ಅದರಿಂದಲೇ ಅವಳು ರಾಜನಿಗೆ, ರಾಣಿಗೆ, ರಾಜಕುಮಾರಿಗೆ ಮುಖ ತುಂಬಿದಳು. ಕಳ್ಳನ ಸರದಿ ಬಂದಾಗ ಅದನ್ನು ಕೆಳಗಿಟ್ಟು ಕಂದು ಬಣ್ಣದ ಕಡ್ಡಿ ಎತ್ತಿಕೊಂಡಳು. ‘ಅವನಿಗ್ಯಾಕೆ ಬೇರೆ ಬಣ್ಣ?’ ಎಂದು ಕೇಳಿದೆ. ‘ಅವನು ಕಳ್ಳ ಅಲ್ವಾ ತಾತ?’ ಎಂದಳು, ದಡ್ಡನಿಗೆ ಪಾಠ ಹೇಳುವ ತಾಳ್ಮೆಯಿಂದ. ಕಡ್ಡಿ ಹಿಡಿದಿದ್ದ ಅವಳ ಕೈ ಆ ಕಳ್ಳನ ಮುಖದಷ್ಟೇ ಕಂದಾಗಿತ್ತು. ಪಕ್ಕದಲ್ಲಿದ್ದ ನನ್ನ ಕೈ ಇನ್ನೂ ಎರಡು ಪಟ್ಟು ಕಪ್ಪು.

ಇದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ ಎಂದು ಮೊದಲು ಅನ್ನಿಸಿತು. ಅವಳ ತಂದೆತಾಯಿ ಇಬ್ಬರೂ ಓದಿದವರು. ಮಗುವಿಗೆ ಕೊಡುವ ಪುಸ್ತಕವನ್ನು ಒಮ್ಮೆ ತಿರುವಿ ನೋಡಿಯೇ ಕೊಡುವವರು. ಆದರೆ ‘ಬಿಸಿಲಿನಲ್ಲಿ ಆಡಬೇಡ, ಕಪ್ಪಾಗುತ್ತೀಯಾ’ ಎಂದು ಅದೇ ವಾರ ನನ್ನ ಹೆಂಡತಿಯೇ ಹೇಳಿದ್ದು ನೆನಪಾಯಿತು. ನಾನೂ ಅದನ್ನು ಕೇಳಿಸಿಕೊಂಡು ಸುಮ್ಮನಿದ್ದೆ. ಹೀಗಾಗಿ ದೂರನ್ನೆಲ್ಲ ಪುಸ್ತಕದ ಮೇಲೆ, ಟೀವಿಯ ಮೇಲೆ ಹೊರಿಸಿ ಕೈತೊಳೆದುಕೊಳ್ಳುವ ಯೋಗ್ಯತೆ ನಮಗಿಲ್ಲ. ಆದರೂ ‘ಕಳ್ಳ ಅಲ್ವಾ’ ಎಂಬ ಆ ತರ್ಕ ಅಜ್ಜಿಯ ಬಾಯಿಂದ ಬಂದದ್ದಲ್ಲ. ಕಪ್ಪು ಚೆಂದವಲ್ಲ ಎಂಬಷ್ಟನ್ನು ಮನೆ ಹೇಳಿಕೊಟ್ಟಿರಬಹುದು. ಕಪ್ಪು ಕೆಟ್ಟದ್ದು ಎಂಬುದನ್ನು ಅವಳು ಬೇರೆಲ್ಲೋ ನೋಡಿ ಕಲಿತಿದ್ದಳು. ನೋಡಿ ಎಂಬ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಏಕೆಂದರೆ ಅವಳಿಗೆ ಇನ್ನೂ ಓದಲು ಬರುವುದಿಲ್ಲ.

ಮಕ್ಕಳ ಪುಸ್ತಕ ಕೊಳ್ಳುವಾಗ ನಾವು ನೋಡುವುದು ಕಥೆಯ ನೀತಿಯನ್ನು. ಸುಳ್ಳು ಹೇಳಬಾರದು, ಕದಿಯಬಾರದು, ಹಂಚಿಕೊಂಡು ತಿನ್ನಬೇಕು. ಕೊನೆಯ ಪುಟದಲ್ಲಿ ಇಂಥದೊಂದು ಮಾತಿದ್ದರೆ ನಮಗೆ ಸಮಾಧಾನ. ಮಗು ನೋಡುವುದಾದರೋ ಚಿತ್ರವನ್ನು. ಅದೇ ಪುಟವನ್ನು ಅದು ನೂರು ಸಲ ನೋಡುತ್ತದೆ. ನೀತಿ ಬರುವುದು ಕೊನೆಗೊಮ್ಮೆ; ಒಲೆಯ ಮುಂದೆ ಯಾರಿದ್ದಾರೆ, ಕುರ್ಚಿಯ ಮೇಲೆ ಯಾರಿದ್ದಾರೆ, ಯಾರ ಮೂಗು ಗಿಣಿಮೂಗು, ಯಾರ ಮೈ ದಪ್ಪ, ಯಾರ ಮಾತಿಗೆ ಎಲ್ಲರೂ ನಗುತ್ತಾರೆ ಎಂಬುದು ಪ್ರತಿ ಪುಟದಲ್ಲೂ ಇರುತ್ತದೆ. ಬರೆದವನು ಇದನ್ನು ಬಚ್ಚಿಟ್ಟಿರುತ್ತಾನೆಂದೇನೂ ಅಲ್ಲ. ಬಹುಪಾಲು ಸಂದರ್ಭಗಳಲ್ಲಿ ಅವನಿಗೂ ಅದು ಕಾಣಿಸಿರುವುದಿಲ್ಲ. ‘ಸ್ಟೀರಿಯೊಟೈಪ್’ ಎಂಬ ಶಬ್ದ ಹುಟ್ಟಿದ್ದೇ ಮುದ್ರಣಾಲಯದಲ್ಲಿ: ಪ್ರತಿ ಸಲವೂ ಮೊಳೆ ಜೋಡಿಸುವ ಕಷ್ಟ ತಪ್ಪಿಸಲು ಒಮ್ಮೆ ಎರಕ ಹೊಯ್ದಿಟ್ಟ ಅಚ್ಚು. ಅಮೆರಿಕದ ಪತ್ರಕರ್ತ ವಾಲ್ಟರ್ ಲಿಪ್‌ಮನ್ 1922ರಲ್ಲಿ ಅದನ್ನು ಮನಸ್ಸಿನೊಳಗಿನ ಸಿದ್ಧಚಿತ್ರಗಳಿಗೆ ಅನ್ವಯಿಸಿದ. ಹೊಸದಾಗಿ ಯೋಚಿಸುವ ಕಷ್ಟ ತಪ್ಪಿಸುವುದೇ ಅದರ ಉಪಯೋಗ. ಕಳ್ಳನನ್ನು ಬರೆಯಬೇಕಾದ ಚಿತ್ರಕಾರನಿಗೆ ಸಮಯ ಕಡಿಮೆ, ಸಂಭಾವನೆ ಇನ್ನೂ ಕಡಿಮೆ. ಅಚ್ಚು ಕೈಗೆ ಸಿಗುವಂತೆ ಪಕ್ಕದಲ್ಲೇ ಇದೆ.

ಅಪರೂಪಕ್ಕೊಮ್ಮೆ ಈ ಅಚ್ಚು ಅಕ್ಷರರೂಪದಲ್ಲಿಯೂ ಹೊರಬಿದ್ದು ಎಲ್ಲರ ಕಣ್ಣಿಗೆ ಬೀಳುವುದುಂಟು. 2020ರ ಜೂನ್‌ನಲ್ಲಿ ಪಶ್ಚಿಮ ಬಂಗಾಳದ ಬರ್ಧಮಾನದ ಶಾಲೆಯೊಂದರಲ್ಲಿ ಪುಟ್ಟ ಮಕ್ಕಳಿಗೆ ಇಂಗ್ಲಿಷ್ ವರ್ಣಮಾಲೆ ಕಲಿಸುವ ಪುಸ್ತಕದಲ್ಲಿ ‘ಯು’ ಅಕ್ಷರಕ್ಕೆ ‘ಅಗ್ಲಿ’ ಎಂಬ ಪದವನ್ನೂ ಅದರ ಜೊತೆಗೆ ಕಪ್ಪು ಮನುಷ್ಯನ ಮುಖವನ್ನೂ ಅಚ್ಚು ಹಾಕಲಾಗಿತ್ತು. ಗದ್ದಲವಾಯಿತು; ಇಬ್ಬರು ಶಿಕ್ಷಕಿಯರು ಅಮಾನತಾದರು. ಅದರ ಮರುತಿಂಗಳೇ ನಮ್ಮ ದೇಶದ ಅತಿ ಪ್ರಸಿದ್ಧ ಬಿಳಿಚು ಮುಲಾಮು ತನ್ನ ಹೆಸರಿನಿಂದ ‘ಫೇರ್’ ಎಂಬ ಶಬ್ದವನ್ನು ತೆಗೆದು ‘ಗ್ಲೋ’ ಎಂದು ಸೇರಿಸಿಕೊಂಡಿತು. ಕೊಳವೆಯಲ್ಲಿದ್ದ ಮುಲಾಮು ಮಾತ್ರ ಮೊದಲಿನಂತೆಯೇ ಅಂಗಡಿಯಲ್ಲಿ ಉಳಿಯಿತು. ಶಿಕ್ಷಕಿಯರನ್ನು ದೂರುವುದು ಸುಲಭ. ಆದರೆ ಆ ಪುಸ್ತಕವನ್ನು ಬರೆದವರು, ಚಿತ್ರಿಸಿದವರು, ಕರಡು ತಿದ್ದಿದವರು, ಮಾರಿದವರು, ಕೊಂಡವರು ಇಷ್ಟು ಮಂದಿಯ ಕಣ್ಣು ದಾಟಿ ಆ ಪುಟ ಮಗುವಿನ ಕೈಗೆ ಬಂದದ್ದು ಹೇಗೆ? ಅವರೆಲ್ಲರ ಕಣ್ಣಿಗೂ ಅದು ಸಹಜವಾಗಿಯೇ ಕಂಡಿರಬೇಕು.

ನಮ್ಮಲ್ಲಿ ಈ ಸಹಜತೆ ರೂಪುಗೊಂಡ ಬಗೆಯನ್ನು ಅರಿಯಲು ದೂರ ಹೋಗಬೇಕಿಲ್ಲ. ಅಮರ ಚಿತ್ರಕಥೆಯ ಹುಟ್ಟಿನಲ್ಲಿ ಬೆಂಗಳೂರಿಗೂ ಕನ್ನಡಕ್ಕೂ ಒಂದು ಪಾಲಿದೆ ಎಂಬುದು ಅನೇಕರಿಗೆ ತಿಳಿದಿಲ್ಲ. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ 1965ರ ಸುಮಾರಿಗೆ ಈ ಮಾಲೆ ಮೊದಲು ಬಂದದ್ದು ಕನ್ನಡದಲ್ಲಿ. ವಸ್ತು ಮಾತ್ರ ಸಿಂಡರೆಲ್ಲಾದಂಥ ಪಾಶ್ಚಾತ್ಯ ಕಥೆಗಳು. ಬಳಿಕ 1967ರಿಂದ ಅನಂತ ಪೈ ಅವರ ಸಂಪಾದಕತ್ವದಲ್ಲಿ ಅದು ನಮ್ಮ ಪುರಾಣ, ಇತಿಹಾಸಗಳತ್ತ ಹೊರಳಿತು. ರಾಮ್ ವಾಯೀರ್ಕರ್ ಚಿತ್ರಿಸಿದ ‘ಕೃಷ್ಣ’ ಹನ್ನೊಂದನೆಯ ಸಂಚಿಕೆಯಾಗಿ ಬಂದದ್ದು ಮೊದಲ ಹತ್ತು ಅಂಕಿಗಳನ್ನು ಆ ಪರದೇಶದ ಕಥೆಗಳು ಹಿಡಿದುಕೊಂಡಿದ್ದರಿಂದ. ದೂರದರ್ಶನದ ರಸಪ್ರಶ್ನೆಯೊಂದರಲ್ಲಿ ನಮ್ಮ ಮಕ್ಕಳಿಗೆ ರಾಮನ ತಾಯಿಯ ಹೆಸರು ಹೇಳಲಾಗಲಿಲ್ಲವೆಂಬ ಬೇಸರ ಪೈ ಅವರಿಗೆ ಪ್ರೇರಣೆಯಾಯಿತೆಂಬುದು ಪ್ರಸಿದ್ಧ. ಅವರಿಗೆ ನಾವು ಋಣಿಗಳು. ನನ್ನ ಮಗಳಿಗೆ ಮಹಾಭಾರತ ತಿಳಿದದ್ದು ಆ ಪುಸ್ತಕಗಳಿಂದಲೇ ಹೊರತು ನನ್ನಿಂದಲ್ಲ.

ಈಗ ಅದೇ ಪುಸ್ತಕಗಳನ್ನು ಅಟ್ಟದಿಂದಿಳಿಸಿ ಮಾತನ್ನೆಲ್ಲ ಬಿಟ್ಟು ಬಣ್ಣವನ್ನಷ್ಟೇ ನೋಡಿದೆ. ಋಷಿಗಳು, ರಾಜರು, ರಾಣಿಯರು ತಿಳಿಬಣ್ಣದವರು. ಅಸುರರು ಕಂದು, ಕಪ್ಪು. ದಪ್ಪ ತುಟಿ, ಗುಂಗುರು ಕೂದಲು. ಕಾಡಿನವರು, ಬೇಡರು, ಕಾವಲಿನವರು ಮಬ್ಬು ಬಣ್ಣದವರು. ಇಲ್ಲೊಂದು ತೊಡಕು ಬರುತ್ತದೆ. ಕೃಷ್ಣ ಎಂಬ ಶಬ್ದದ ಅರ್ಥವೇ ಕಪ್ಪು. ರಾಮನೂ ಶ್ಯಾಮಲವರ್ಣದವನೆಂದು ಕಾವ್ಯಗಳು ಕೊಂಡಾಡುತ್ತವೆ. ಇಬ್ಬರಿಗೂ ಕಂದು ಹಚ್ಚಿದರೆ ಅಸುರರಿಗೂ ಇವರಿಗೂ ವ್ಯತ್ಯಾಸ ಉಳಿಯದು. ಮುದ್ರಿತ ದೇವರ ಪಟಗಳು ಬಹಳ ಹಿಂದೆಯೇ ಕಂಡುಕೊಂಡಿದ್ದ ಉಪಾಯವನ್ನೇ ಇವರೂ ಅನುಸರಿಸಿದರು: ನೀಲಿ. ಮನುಷ್ಯರಲ್ಲಿ ಯಾರಿಗೂ ಇಲ್ಲದ ಬಣ್ಣ ಕೊಟ್ಟು ದೇವರನ್ನು ಕಪ್ಪಿನಿಂದ ಪಾರುಮಾಡಲಾಯಿತು. ದ್ರೌಪದಿಯ ಇನ್ನೊಂದು ಹೆಸರು ಕೃಷ್ಣೆ. ಆಕೆಗೆ ಆ ನೀಲಿಯೂ ಸಿಗಲಿಲ್ಲ. ಕ್ಯಾಲೆಂಡರಿನಲ್ಲಿ, ಟೀವಿ ಧಾರಾವಾಹಿಯಲ್ಲಿ ಆಕೆ ಸಾಮಾನ್ಯವಾಗಿ ಬೆಳ್ಳಗೇ ಇರುತ್ತಾಳೆ. ಕವಿಗಳಿಗೆ ಕಾಣಿಸಿದ ಕಪ್ಪು ಚೆಲುವು ನಮ್ಮ ಬಣ್ಣದ ಮುದ್ರಣಕ್ಕೆ ಏಕೆ ಕಾಣಿಸಲಿಲ್ಲ ಎಂಬುದು ಯಂತ್ರದ ಪ್ರಶ್ನೆಯಲ್ಲ.

ಅಮರ ಚಿತ್ರಕಥೆಯ ಬಗ್ಗೆ ನಂದಿನಿ ಚಂದ್ರ, ಕಾರ್ಲೀನ್ ಮೆಕ್ಲೇನ್ ಮುಂತಾದ ವಿದ್ವಾಂಸರು ಪುಸ್ತಕಗಳನ್ನೇ ಬರೆದಿದ್ದಾರೆ. ಆದರೆ ಇಂದಿನ ಮಕ್ಕಳ ಕೈಗೆ ಆ ಕಾಮಿಕ್ಸ್ ಸಿಗುವ ಮೊದಲೇ ಟೀವಿಯೋ ಮೊಬೈಲೋ ಸಿಕ್ಕಿರುತ್ತದೆ. 2008ರಲ್ಲಿ ಹೈದರಾಬಾದಿನ ಸಂಸ್ಥೆಯೊಂದು ರೂಪಿಸಿ ಪೋಗೊ ವಾಹಿನಿಯಲ್ಲಿ ಪ್ರಸಾರವಾಗತೊಡಗಿದ ‘ಛೋಟಾ ಭೀಮ್’ ಅನ್ನು ತಿಳಿಯದ ಮಗು ನಮ್ಮ ನಗರಗಳಲ್ಲಿ ವಿರಳ. ಪರದೇಶದ ಕಾರ್ಟೂನುಗಳ ನಡುವೆ ಧೋತ್ರ ಉಟ್ಟು ಲಡ್ಡು ತಿನ್ನುವ ನಾಯಕನೊಬ್ಬ ಬಂದನೆಂದು ನಾವೆಲ್ಲ ಸಂತೋಷಪಟ್ಟವರೇ. ಧೋಲಕಪುರದಲ್ಲಿ ಅವನ ಪ್ರತಿಸ್ಪರ್ಧಿ, ಸೊಕ್ಕಿನ, ದಢೂತಿ ಹುಡುಗ ಯಾರು? ಅವನ ಹೆಸರೇ ಕಾಲಿಯಾ. ಹಿಂದಿ ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಶಾಲೆಗಳಲ್ಲಿ ‘ಕರಿಯ’ ಎಂದು ಕೂಗುವುದು ಹೇಗೋ ಹಾಗೆ. ಗೆಳತಿ ಚುಟ್ಕಿ ಜಾಣೆ, ಧೈರ್ಯಸ್ಥೆ, ನಿಜ. ಆದರೆ ಭೀಮನ ಬಲದ ಲಡ್ಡು ಬರುವುದು ಚುಟ್ಕಿಯ ಕೈಯಿಂದ ಅಥವಾ ಲಡ್ಡು ಮಾಡುವ ಟುನ್‌ಟುನ್ ಮೌಸಿಯ ಅಂಗಡಿಯಿಂದ. ಗಂಡುಮಗು ಗುದ್ದುತ್ತದೆ, ಹೆಣ್ಣುಮಗು ಉಣಿಸುತ್ತದೆ. ಇದು ಒಂದು ಸಂಚಿಕೆಯ ಕಥೆಯಾಗಿದ್ದರೆ ನಾನು ಈ ಮಾತೆತ್ತುತ್ತಿರಲಿಲ್ಲ. ಆದರೆ ಇದೇ ದಿನಚರಿಯನ್ನು ಮಕ್ಕಳು ವರ್ಷಗಟ್ಟಲೆ ಪ್ರತಿ ಸಂಜೆ ನೋಡಿದ್ದಾರೆ.

ಹೆಣ್ಣುಮಕ್ಕಳ ವಿಷಯದಲ್ಲಿ ಅಮೆರಿಕದವರು ಎಣಿಸಿ ನೋಡಿರುವುದರಿಂದ ಅಂಕಿಗಳು ಸಿಗುತ್ತವೆ. 1972ರಲ್ಲಿ ಲೆನೋರ್ ವೈಟ್ಸ್‌ಮನ್ ಮತ್ತು ಸಂಗಡಿಗರು, ಅಲ್ಲಿನ ಶ್ರೇಷ್ಠ ಚಿತ್ರಪುಸ್ತಕಗಳಿಗೆ ಸಲ್ಲುವ ಕಾಲ್ಡೆಕಾಟ್ ಪದಕವನ್ನು ಅದರ ಹಿಂದಿನ ಐದು ವರ್ಷಗಳಲ್ಲಿ ಗಳಿಸಿದ್ದ ಪುಸ್ತಕಗಳನ್ನು ಪರೀಕ್ಷಿಸಿದರು. ಗಂಡಿನ ಚಿತ್ರಗಳು 261, ಹೆಣ್ಣಿನವು 23. ಇಪ್ಪತ್ತನೆಯ ಶತಮಾನದುದ್ದಕ್ಕೂ ಪ್ರಕಟವಾದ ಸುಮಾರು ಆರು ಸಾವಿರ ಪುಸ್ತಕಗಳನ್ನು ಪರಿಶೀಲಿಸಿ 2011ರಲ್ಲಿ ಹೊರಬಂದ ಇನ್ನೊಂದು ಅಧ್ಯಯನ ಕುತೂಹಲದ ಸಂಗತಿಯೊಂದನ್ನು ತೋರಿಸಿತು: ಪ್ರಾಣಿಗಳೇ ಪಾತ್ರಗಳಾದಾಗ ಈ ಅಂತರ ಇನ್ನೂ ಹೆಚ್ಚುತ್ತದೆ. ಕರಡಿ, ಮೊಲ, ಆಮೆಗೆ ಗಂಡುಹೆಣ್ಣಿನ ಹಂಗೇನು ಎಂದು ನಾವು ಅಂದುಕೊಂಡಿದ್ದಲ್ಲಿಯೇ ಅದು ಬೇರೂರಿ ಕುಳಿತಿದೆ. ಕನ್ನಡದಲ್ಲಂತೂ ಪ್ರಾಣಿಗೆ ‘ಅದು’ ಎನ್ನುವ ಸೌಕರ್ಯ ನಮಗಿದೆ. ಆದರೂ ಮಗುವಿಗೆ ಕಥೆ ಹೇಳುವಾಗ ನಮ್ಮ ಬಾಯಲ್ಲಿ ಬರುವುದು ‘ಕರಡಿ ಮಾಮ’, ‘ನರಿಯಣ್ಣ’. ಹೆಣ್ಣು ಬೇಕೆಂದರೆ ಹಸು, ಇಲ್ಲವೇ ಮರಿಗೆ ಕಾಯುವ ತಾಯಿಹಕ್ಕಿ. ನಾನು ಈ ತನಕ ಒಂದು ಕಥೆಯಲ್ಲೂ ಆಮೆಯನ್ನು ‘ಅಕ್ಕ’ ಎಂದಿರಲಿಲ್ಲ.

ಸಿನಿಮಾದ ಲೆಕ್ಕ ಇನ್ನೂ ವಿಚಿತ್ರ. ಡಿಸ್ನಿಯ ರಾಜಕುಮಾರಿ ಚಿತ್ರಗಳಲ್ಲಿ ಯಾರು ಎಷ್ಟು ಮಾತನಾಡುತ್ತಾರೆಂದು ಕಾರ್ಮೆನ್ ಫಾಟ್ ಮತ್ತು ಕರೆನ್ ಐಸೆನ್‌ಹಾವರ್ ಎಂಬ ಇಬ್ಬರು ಭಾಷಾವಿಜ್ಞಾನಿಗಳು ಎಣಿಸಿದರು. 1937ರ ‘ಸ್ನೋ ವೈಟ್’ನಲ್ಲಿ ಮಾತು ಹೆಚ್ಚುಕಡಿಮೆ ಸಮಪಾಲು. ಸ್ತ್ರೀವಾದ ಮನೆಮಾತಾದ ಮೇಲೆ ಬಂದ ‘ದಿ ಲಿಟ್ಲ್ ಮರ್ಮೇಡ್’ (1989) ಚಿತ್ರದಲ್ಲಿ ಗಂಡಸರ ಪಾಲು ಶೇ 68. ‘ಬ್ಯೂಟಿ ಅಂಡ್ ದಿ ಬೀಸ್ಟ್’ (1991) ಚಿತ್ರದಲ್ಲಿ ಶೇ 71. ‘ಅಲಾದೀನ್’ನಲ್ಲಿ (1992) ಶೇ 90. ಹಳೆಯದೆಲ್ಲ ಕೆಟ್ಟದ್ದು, ಹೊಸದೆಲ್ಲ ಸುಧಾರಿಸಿದ್ದು ಎಂಬ ನಮ್ಮ ಸರಳ ನಂಬಿಕೆಗೆ ಇದು ಪೆಟ್ಟು. ಹೊಸ ರಾಜಕುಮಾರಿ ಹಟವಾದಿ, ಪುಸ್ತಕ ಓದುವವಳು, ತನ್ನ ಗಂಡನನ್ನು ತಾನೇ ಆರಿಸಿಕೊಳ್ಳುವವಳು. ಆದರೆ ಅವಳ ಸುತ್ತ ಇರುವ ಬಾಣಸಿಗ, ಏಡಿ, ದೀಪದ ಕಂಬ, ಗಿಣಿ, ಮಾಂತ್ರಿಕ, ಅಂಗಡಿಯವ ಎಲ್ಲರೂ ಗಂಡು. ನಾಯಕಿಯೊಬ್ಬಳನ್ನು ತಿದ್ದಿದರೆ ಸಾಕೆಂದುಕೊಂಡವರು ಉಳಿದ ಲೋಕವನ್ನು ಗಮನಿಸಲಿಲ್ಲ. ಅಂದಹಾಗೆ, ಮತ್ಸ್ಯಕನ್ಯೆಯ ಕಥೆಯಲ್ಲಿ ಪ್ರೇಮಕ್ಕಾಗಿ ಅವಳು ತೆರುವ ಬೆಲೆ ಅವಳ ದನಿ.

ದನಿಯ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ರೊಸೀನಾ ಲಿಪ್ಪಿ-ಗ್ರೀನ್ ಎಂಬ ವಿದುಷಿ 1997ರ ತಮ್ಮ ಪುಸ್ತಕದಲ್ಲಿ ಡಿಸ್ನಿಯ 24 ಚಿತ್ರಗಳ 371 ಪಾತ್ರಗಳ ಉಚ್ಚಾರಣೆಯನ್ನು ಪಟ್ಟಿಮಾಡಿದ್ದಾರೆ. ಪರದೇಶದ ಉಚ್ಚಾರವಿರುವವರಲ್ಲಿ ಕೆಟ್ಟವರ ಪ್ರಮಾಣ ಹೆಚ್ಚು. ಅಲಾದೀನ್, ಜಾಸ್ಮಿನ್ ಅರಬ್ ನಾಡಿನವರೇ ಆದರೂ ಅಮೆರಿಕನ್ನರಂತೆ ಮಾತನಾಡುತ್ತಾರೆ. ಒರಟು ಉಚ್ಚಾರ ಉಳಿಯುವುದು ಸಂತೆಯ ವ್ಯಾಪಾರಿಗೆ, ಕಾವಲಿನವನಿಗೆ. ಇದನ್ನು ಓದಿ ಡಿಸ್ನಿಯನ್ನು ಬೈಯುವ ಮುನ್ನ ಕನ್ನಡದ ತೆರೆಯನ್ನು ನೆನೆಯೋಣ. ನಾಯಕನಿಗೆ ಬೆಂಗಳೂರು-ಮೈಸೂರಿನ ಕನ್ನಡ. ಧಾರವಾಡದ, ಕಲಬುರಗಿಯ ಮಾತು, ಮಂಗಳೂರಿನ, ಕುಂದಾಪುರದ ಮಾತು ಬಹುಕಾಲ ನಗಿಸಲು ಮೀಸಲಾಗಿದ್ದವು. ಇತ್ತೀಚೆಗೆ ಕರಾವಳಿಯ ಚಿತ್ರಗಳು ಗೆದ್ದ ಮೇಲೆ ಇದು ಸ್ವಲ್ಪ ಬದಲಾಗಿದೆ. ಆದರೂ ಉತ್ತರ ಕರ್ನಾಟಕದಿಂದ ಬಂದು ಬೆಂಗಳೂರಿನ ಶಾಲೆಗೆ ಸೇರಿದ ಮಗು ಮೊದಲ ದಿನ ಬಾಯಿಬಿಟ್ಟಾಗ ಏಳುವ ನಗುವನ್ನು ಆ ತರಗತಿಯ ಮಕ್ಕಳು ಎಲ್ಲಿ ಕಲಿತರು?

ಆ ಮಗುವಿನ ಸ್ಥಾನದಲ್ಲಿ ನಿಂತು ನೋಡಿದಾಗ ಅವಹೇಳನಕ್ಕಿಂತ ದೊಡ್ಡ ಸಂಗತಿಯೊಂದು ಕಾಣುತ್ತದೆ: ಚಿತ್ರದಲ್ಲಿ ಇಲ್ಲದಿರುವುದು. ನಮ್ಮ ಪೀಳಿಗೆ ಬೆಳೆದದ್ದು ‘ಚಂದಮಾಮ’ದ ಮೇಲೆ. 1947ರಲ್ಲಿ ತೆಲುಗು, ತಮಿಳಿನಲ್ಲಿ, 1949ರಲ್ಲಿ ಕನ್ನಡದಲ್ಲಿ ಆರಂಭವಾದ ಆ ಮಾಸಪತ್ರಿಕೆಗಾಗಿ ತಿಂಗಳ ಮೊದಲ ವಾರ ಅಂಚೆಯವನ ದಾರಿ ಕಾದದ್ದು, ಶಂಕರ್ ಬರೆದ ಬೇತಾಳನ ಚಿತ್ರಕ್ಕೆ ಹೆದರಿದ್ದು, ಎಂ.ಟಿ.ವಿ. ಆಚಾರ್ಯರ ಮುಖಪುಟಗಳನ್ನು ಕತ್ತರಿಸಿ ಗೋಡೆಗೆ ಅಂಟಿಸಿದ್ದು ಇಂದಿಗೂ ಹಸಿರು. ಅಲ್ಲಿನ ಕಥೆಗಳಲ್ಲಿ ಬಡವನೆಂದರೆ ಬಹಳ ಸಲ ಬಡ ಬ್ರಾಹ್ಮಣ. ಅಗಸನಿಗೆ ಕತ್ತೆ ಇತ್ತು, ಹೆಸರಿರಲಿಲ್ಲ. ಗೊಲ್ಲ ಮುಗ್ಧ, ಕ್ಷೌರಿಕ ಚತುರ, ವ್ಯಾಪಾರಿ ಜಿಪುಣ, ಮಲತಾಯಿ ಕ್ರೂರಿ. ಜಾತಿಯೂ ಕಸುಬೂ ಗುಣವಾಚಕಗಳಾಗಿದ್ದವು. ಅದನ್ನು ಓದಿಯೂ ನಾವು ಕೆಟ್ಟುಹೋಗಲಿಲ್ಲವಲ್ಲ ಎಂದು ನನ್ನ ಓರಗೆಯವರು ವಾದಿಸುತ್ತಾರೆ. ನಾನೂ ಹಾಗೇ ಹೇಳುತ್ತಿದ್ದೆ. ನನ್ನ ಜೊತೆ ಅದೇ ಸಂಚಿಕೆಯನ್ನು ಓದುತ್ತಿದ್ದ, ಊರಾಚೆಯ ಕೇರಿಯಿಂದ ಬರುತ್ತಿದ್ದ ಸಹಪಾಠಿಯನ್ನು ವರ್ಷಗಳ ಬಳಿಕ ಭೇಟಿಯಾದಾಗ ಈ ಮಾತು ಬಂತು. ‘ನಿಮ್ಮ ಮನೆ ಆ ಚಿತ್ರದಲ್ಲಿತ್ತು, ನಮ್ಮ ಮನೆ ಇರಲಿಲ್ಲ. ನಾನು ರಾಜನ ಅರಮನೆಯಲ್ಲೇ ಇದ್ದುಬಿಡುತ್ತಿದ್ದೆ, ಅದೇ ಸುಲಭವಿತ್ತು’ ಎಂದು ನಕ್ಕ. ಕೆಟ್ಟುಹೋಗಲಿಲ್ಲ ಎಂದು ನಾನು ಯಾರ ಪರವಾಗಿ ಹೇಳುತ್ತಿದ್ದೆನೆಂದು ಅಂದು ಹೊಳೆಯಿತು.

ಅಮೆರಿಕದ ನ್ಯಾನ್ಸಿ ಲ್ಯಾರಿಕ್ 1965ರಲ್ಲಿ ಇದನ್ನೇ ಎಣಿಸಿ ತೋರಿಸಿದ್ದರು. ಮೂರು ವರ್ಷಗಳಲ್ಲಿ ಪ್ರಕಟವಾದ 5,206 ಮಕ್ಕಳ ಪುಸ್ತಕಗಳಲ್ಲಿ ಒಬ್ಬನಾದರೂ ಕಪ್ಪು ಮನುಷ್ಯ ಇದ್ದದ್ದು ಶೇ 6.7ರಲ್ಲಿ ಮಾತ್ರ. ನಮ್ಮಲ್ಲಿ ಎಣಿಸಬೇಕಾದದ್ದು ಏನನ್ನು? ಅಡುಗೆಮನೆಯಿಂದ ಆರಂಭಿಸಬಹುದು. ನಮ್ಮ ಚಿತ್ರಪುಸ್ತಕಗಳಲ್ಲಿ ದೋಸೆಯಿದೆ, ಲಡ್ಡುವಿದೆ, ಮಾವಿನಹಣ್ಣಿದೆ, ಹೋಳಿಗೆಯಿದೆ. ಭಾನುವಾರ ಮಾಂಸದಂಗಡಿಯ ಮುಂದೆ ಸರದಿ ನಿಲ್ಲುವ ಊರಿನಲ್ಲಿ ಪುಸ್ತಕದ ಅಪ್ಪ ಮಾತ್ರ ಮಾಂಸ ತರುವುದಿಲ್ಲ. ಮೀನುಗಾರನ ಕಥೆಯಲ್ಲೂ ಮೀನು ಮಾತನಾಡುತ್ತದೆ, ಸಾರಾಗುವುದಿಲ್ಲ. ಇದು ಕೇವಲ ಚಿತ್ರದ ಪ್ರಶ್ನೆಯಲ್ಲ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಸರ್ಕಾರ ಆರಂಭಿಸಿದಾಗ, ಮಕ್ಕಳಲ್ಲಿ ಭೇದ ಮೂಡುತ್ತದೆಂದು ಕೆಲವು ಮಠಾಧೀಶರು ವಿರೋಧಿಸಿದರು. ಮೊಟ್ಟೆ ತಿನ್ನುವುದು ನಾಚಿಕೆಯ ಸಂಗತಿ ಎಂದು ಮಗುವಿಗೆ ಅನ್ನಿಸುವುದಾದರೆ, ಆ ನಾಚಿಕೆಯ ಬೀಜ ತಟ್ಟೆಯಲ್ಲಿರಲಿಲ್ಲ. ಹೈದರಾಬಾದಿನ ಅನ್ವೇಷಿ ಮಹಿಳಾ ಅಧ್ಯಯನ ಕೇಂದ್ರ 2008ರಲ್ಲಿ ತಂದ ‘ಡಿಫರೆಂಟ್ ಟೇಲ್ಸ್’ ಮಾಲೆಯಲ್ಲಿ ಮೊಹಮ್ಮದ್ ಖದೀರ್ ಬಾಬು ಬರೆದ ಕಥೆಯೊಂದು ಇಡಿಯಾಗಿ ತಲೆಮಾಂಸದ ಸಾರಿನ ಸುತ್ತ ನಡೆಯುತ್ತದೆ. ಅಂಥ ಅಡುಗೆಯ ಸಂಭ್ರಮ ಮಕ್ಕಳ ಪುಸ್ತಕದಲ್ಲಿ ಕಾಣಿಸಿಕೊಳ್ಳಲು ಅಷ್ಟು ವರ್ಷ ಕಾಯಬೇಕಾಯಿತು. ತೆರೆಯ ಮೇಲೆ ನಮಗೊಂದು ‘ಕೊಟ್ರೇಶಿ ಕನಸು’ (1994) ಇದೆ. ಕುಂ. ವೀರಭದ್ರಪ್ಪನವರ ಕಥೆಯನ್ನು ನಾಗತಿಹಳ್ಳಿ ಚಂದ್ರಶೇಖರ್ ಚಿತ್ರ ಮಾಡಿದಾಗ, ಓದಬೇಕೆನ್ನುವ ದಲಿತ ಹುಡುಗ ತನ್ನ ಸೀಮೆಯ ಮಾತಿನಲ್ಲೇ ನಾಯಕನಾದ. ಆಮೇಲೆ ಅಂಥವು ಎಷ್ಟು ಬಂದವೆಂದು ಬೆರಳು ಮಡಿಸಲು ಹೋದರೆ ಒಂದೇ ಕೈ ಸಾಕಾಗುತ್ತದೆ.

ಹಾಗಾದರೆ ಹಳೆಯದನ್ನು ಏನು ಮಾಡಬೇಕು? ಸುಡಬೇಕೆ, ತಿದ್ದಬೇಕೆ, ಎಚ್ಚರಿಕೆಯ ಫಲಕ ತೂಗುಹಾಕಬೇಕೆ? ಮೂರೂ ನಡೆದಿವೆ. ಅಲಾದೀನ್ ಚಿತ್ರದ ಆರಂಭದ ಹಾಡಿನಲ್ಲಿ ಅರಬರ ನಾಡನ್ನು ಅಂಗಚ್ಛೇದನದ ನಾಡೆಂದು ಬಣ್ಣಿಸುವ ಮಾತಿತ್ತು. ಅಮೆರಿಕದ ಅರಬ್ ಸಂಘಟನೆ ಪ್ರತಿಭಟಿಸಿದ ಮೇಲೆ 1993ರಲ್ಲಿ ವಿಡಿಯೊ ಕ್ಯಾಸೆಟ್ ಬಿಡುಗಡೆಯಾಗುವಾಗ ಅದನ್ನು ತೆಗೆಯಲಾಯಿತು. ಆ ನಾಡು ಅನಾಗರಿಕವೆಂಬ ಶಬ್ದ ಮಾತ್ರ ಹಾಗೇ ಉಳಿದು, 2019ರ ಹೊಸ ಚಿತ್ರದಲ್ಲಷ್ಟೇ ಬದಲಾಯಿತು. ಒಂದು ಶಬ್ದಕ್ಕೆ ಇಪ್ಪತ್ತಾರು ವರ್ಷ! ಕಾಗೆಗಳ ರೂಪದಲ್ಲಿ ಕಪ್ಪು ಜನರನ್ನು ಅಣಕಿಸುವ ‘ಡಂಬೊ’ (1941), ಮೂಲನಿವಾಸಿಗಳನ್ನು ಹಾಸ್ಯಮಾಡುವ ‘ಪೀಟರ್ ಪ್ಯಾನ್’ (1953) ಮುಂತಾದವುಗಳಿಗೆ ಡಿಸ್ನಿ ಸಂಸ್ಥೆ 2020ರಲ್ಲಿ ಉದ್ದನೆಯ ಎಚ್ಚರಿಕೆಯ ಮಾತು ಸೇರಿಸಿತು. 2025ರಲ್ಲಿ ಅದನ್ನು ಮೊಟಕುಗೊಳಿಸಿತು. ಓದಲು ಬಾರದ ಮಗುವಿಗೆ ಬರಹದ ಎಚ್ಚರಿಕೆ ಎಂಬುದೇ ನನಗೆ ಸ್ವಲ್ಪ ನಗೆ ತರಿಸುವ ಏರ್ಪಾಟು. ಡಾ. ಸ್ಯೂಸ್ ಪುಸ್ತಕಗಳ ಒಡೆತನವಿರುವ ಸಂಸ್ಥೆ 2021ರಲ್ಲಿ ಆರು ಪುಸ್ತಕಗಳ ಮುದ್ರಣವನ್ನು ತಾನಾಗಿಯೇ ನಿಲ್ಲಿಸಿದಾಗ ಅದನ್ನು ನಿಷೇಧವೆಂದು ಕೆಲವರು ಬೊಬ್ಬೆ ಹಾಕಿದರು. ಪ್ರಕಾಶಕ ತನ್ನ ಪುಸ್ತಕವನ್ನು ತಾನು ಅಚ್ಚುಹಾಕದಿರುವುದು ನಿಷೇಧವಲ್ಲ.

ತಿದ್ದುವುದರ ಮಿತಿ ನನಗೆ ಮನದಟ್ಟಾದದ್ದು ರೋಲ್ಡ್ ಡಾಲ್‌ನ ‘ಚಾರ್ಲಿ ಅಂಡ್ ದಿ ಚಾಕೊಲೇಟ್ ಫ್ಯಾಕ್ಟರಿ’ಯಿಂದ. 1964ರ ಮೊದಲ ಮುದ್ರಣದಲ್ಲಿ ಕಾರ್ಖಾನೆಯ ಕೆಲಸಗಾರರಾದ ಊಂಪಾ-ಲೂಂಪಾಗಳು ಆಫ್ರಿಕದ ಕಾಡಿನಿಂದ ತಂದ ಕುಳ್ಳ ಕಪ್ಪು ಜನ. ಆಕ್ಷೇಪಗಳು ಎದ್ದ ಬಳಿಕ 1973ರಲ್ಲಿ ಡಾಲ್ ಅವರನ್ನು ಕೆಂಪು ಛಾಯೆಯ ಬಿಳಿಯರನ್ನಾಗಿ ಮಾಡಿ ಊಂಪಾಗಳಿಗೆ ಕಾಲ್ಪನಿಕ ದೇಶವೊಂದನ್ನು ಕೊಟ್ಟ. ಸಮಸ್ಯೆ ತೀರಿತೆಂದು ಎಲ್ಲರೂ ನಿಟ್ಟುಸಿರಿಟ್ಟರು. ಆದರೆ ಇಡೀ ಜನಾಂಗವನ್ನು ಪೆಟ್ಟಿಗೆಗಳಲ್ಲಿ ತುಂಬಿ ತಂದದ್ದು, ಅವರು ಕಾರ್ಖಾನೆಯಿಂದ ಹೊರಗೆ ಹೋಗದಿರುವುದು, ಸಂಬಳದ ಬದಲು ಕೋಕೋ ಬೀಜ ಪಡೆದು ಹಾಡುತ್ತ ದುಡಿಯುವುದು ಎಲ್ಲವೂ ಹಾಗೇ ಉಳಿಯಿತು. ನಮ್ಮ ಹಳ್ಳಿಗಳಲ್ಲಿ ಕಾಳಿಗಾಗಿ ಹೀಗೆ ದುಡಿಯುವುದಕ್ಕೆ ಜೀತ ಎಂಬ ಹೆಸರಿದೆ. 1976ರ ಕಾಯ್ದೆ ಅದನ್ನು ನಿಷೇಧಿಸಿದೆ. ಚರ್ಮದ ಬಣ್ಣ ಬದಲಾಯಿತು, ಜೀತ ಉಳಿಯಿತು. 2023ರಲ್ಲಿ ಇದೇ ಲೇಖಕನ ಪುಸ್ತಕಗಳಿಂದ ‘ದಪ್ಪ’, ‘ಕುರೂಪಿ’ ಮುಂತಾದ ಶಬ್ದಗಳನ್ನು ಪ್ರಕಾಶಕರು ಹೆಕ್ಕಿ ತೆಗೆದಾಗಲೂ ನನಗೆ ಅನ್ನಿಸಿದ್ದು ಇದೇ. ಶಬ್ದ ಹೆಕ್ಕುವವರ ಕಣ್ಣಿಗೆ ಶಬ್ದವಷ್ಟೇ ಕಾಣುತ್ತದೆ.

ಇದಕ್ಕಿಂತ ನನಗೆ ಮೆಚ್ಚುಗೆಯಾದದ್ದು ‘ಲಿಟ್ಲ್ ಬ್ಲ್ಯಾಕ್ ಸ್ಯಾಂಬೊ’ಗೆ ಆದದ್ದು. ಮದರಾಸು ಪ್ರಾಂತ್ಯದಲ್ಲಿ ವೈದ್ಯ ಪತಿಯೊಡನೆ ನೆಲೆಸಿದ್ದ ಸ್ಕಾಟಿಷ್ ಮಹಿಳೆ ಹೆಲೆನ್ ಬ್ಯಾನರ್‌ಮನ್ ತನ್ನ ಹೆಣ್ಣುಮಕ್ಕಳಿಗಾಗಿ ಬರೆದು 1899ರಲ್ಲಿ ಪ್ರಕಟವಾದ ಪುಸ್ತಕವಿದು. ಹುಡುಗನೊಬ್ಬ ಹುಲಿಗಳಿಂದ ಪಾರಾಗುತ್ತಾನೆ. ಹುಲಿಗಳು ಮರದ ಸುತ್ತ ಓಡಿ ಓಡಿ ಕರಗಿ ತುಪ್ಪವಾಗುತ್ತವೆ. ಹುಲಿ, ತುಪ್ಪ ಎರಡೂ ನಮ್ಮ ನೆಲದವು. ಆದರೆ ಹುಡುಗನ ಹೆಸರು, ಅವನ ಮುಖದ ಅಣಕುಚಿತ್ರ ಅಮೆರಿಕದ ಕಪ್ಪು ಮಕ್ಕಳಿಗೆ ಬೈಗುಳವಾಗಿ ತಿರುಗಿದವು. 1996ರಲ್ಲಿ ಇಬ್ಬರು ಇದನ್ನು ಬೇರೆ ಬೇರೆಯಾಗಿ ಮತ್ತೆ ಹೇಳಿದರು. ಫ್ರೆಡ್ ಮಾರ್ಸೆಲಿನೊ ಹುಡುಗನಿಗೆ ಬಾಬಾಜಿ ಎಂಬ ಹೆಸರಿಟ್ಟು ಕಥೆಯನ್ನು ಭಾರತಕ್ಕೇ ಮರಳಿಸಿದ. ಕಪ್ಪು ಲೇಖಕ ಜೂಲಿಯಸ್ ಲೆಸ್ಟರ್, ಚಿತ್ರಕಾರ ಜೆರ್ರಿ ಪಿಂಕ್ನಿ ಜೊತೆಗೂಡಿ ಅದನ್ನು ತಮ್ಮ ಜನರ ಮಾತಿನಲ್ಲಿ ಹೊಸದಾಗಿ ಬರೆದ. ಹಳೆಯ ಪುಸ್ತಕವನ್ನು ಯಾರೂ ಸುಡಲಿಲ್ಲ; ಅದು ಗ್ರಂಥಾಲಯದಲ್ಲಿದೆ. ಆದರೆ ಈಗ ಮಗುವಿಗೆ ಕೊಡಲು ಬೇರೆಯದಿದೆ.

ಕನ್ನಡದಲ್ಲಿ ಆ ಬೇರೆಯದು ಸಿಗುವುದೇ? ಹಿಂದಿಗಿಂತ ಹೆಚ್ಚು ಸಿಗುತ್ತದೆ ಎನ್ನಬೇಕು. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್, 1996ರಿಂದ ಚೆನ್ನೈನಲ್ಲಿರುವ ತೂಲಿಕಾ ಮೊದಲಾದವರು ಕನ್ನಡದಲ್ಲೂ ಅಗ್ಗದ, ಅಂದದ ಚಿತ್ರಪುಸ್ತಕಗಳನ್ನು ತರುತ್ತಿದ್ದಾರೆ. ಕಂದು ಮೈಯ, ಗುಂಗುರು ಕೂದಲಿನ ಹುಡುಗಿಯರು ಅವುಗಳಲ್ಲಿ ಗಣಿತ ಮಾಡುತ್ತಾರೆ, ಮರ ಹತ್ತುತ್ತಾರೆ. ಆದರೆ ಅವುಗಳಲ್ಲಿ ಹಲವು ಬೇರೆ ಭಾಷೆಯಿಂದ ಅನುವಾದವಾದವು. ಮೊದಲೇ ಕನ್ನಡದಲ್ಲಿ ಹುಟ್ಟಿ, ಬೀದರಿನ ಅಥವಾ ಚಾಮರಾಜನಗರದ ಮನೆಯೊಂದನ್ನು ಒಳಗಿನಿಂದ ಬಲ್ಲವು ಕಡಿಮೆ. ದೊಡ್ಡ ಅಂಗಡಿಗಳಲ್ಲಿ ಅವು ಕೆಳಗಿನ ಕಪಾಟಿನಲ್ಲಿರುತ್ತವೆ. ಕಣ್ಣಳತೆಯಲ್ಲಿ ಗುಲಾಬಿ ಹೊದಿಕೆಯ ರಾಜಕುಮಾರಿಯರು. ಗ್ರಂಥಾಲಯದ ಸಗಟು ಖರೀದಿಯಲ್ಲಿ ಮಕ್ಕಳ ಚಿತ್ರಪುಸ್ತಕಕ್ಕೆ ಸಲ್ಲುವ ಗೌರವದ ಬಗ್ಗೆ ಬರೆಯಲು ಹೋದರೆ ಅದೇ ಇನ್ನೊಂದು ಲೇಖನವಾದೀತು.

ಎಲ್ಲೆಡೆ ಸಂಚನ್ನೇ ಕಾಣುವ ರೋಗವೂ ಇದೆ, ಅದನ್ನು ಅಲ್ಲಗಳೆಯಲಾರೆ. ‘ಲಯನ್ ಕಿಂಗ್’ನ ಕಿರುಬಗಳು ಯಾವ ಸಮುದಾಯದ ಪ್ರತಿನಿಧಿಗಳು ಎಂದು ಪುಟಗಟ್ಟಲೆ ಬರೆದವರಿದ್ದಾರೆ, ನಾಲ್ಕು ವರ್ಷದ ಮಗುವಿಗೆ ಅವು ಮೊದಲು ಕಿರುಬಗಳೇ. ಒಂದು ಪುಸ್ತಕ ಒಂದು ಮಗುವನ್ನು ಕೆ‌ಡಿಸುವುದಿಲ್ಲ. ಮಗುವಿನ ಪಕ್ಕದಲ್ಲಿ ಕುಳಿತು ಓದುವ ದೊಡ್ಡವರೊಬ್ಬರು ಒಂದು ಪ್ರಶ್ನೆ ಕೇಳಿದರೂ ಪುಟ ಬೇರೆಯಾಗುತ್ತದೆ. ತೊಂದರೆಯೆಂದರೆ ಹಾಗೆ ಕುಳಿತುಕೊಳ್ಳಲು ನಮಗೆ ಪುರುಸೊತ್ತಿಲ್ಲ. ನಮಗೆ ಅರ್ಧ ಗಂಟೆ ಬಿಡುವು ಬೇಕೆಂದಾಗಲೇ ನಾವು ಮಗುವಿನ ಕೈಗೆ ಮೊಬೈಲ್ ಕೊಡುವುದು.

ಆ ಮಧ್ಯಾಹ್ನ ನನಗೆ ಪುರುಸೊತ್ತಿತ್ತು. ಅಮೆರಿಕದ ಕ್ರೇಯಾನ್ ಕಂಪನಿಯೊಂದು ತನ್ನ ‘ಮೈಬಣ್ಣ’ದ ಕಡ್ಡಿಯ ಹೆಸರನ್ನು 1962ರಲ್ಲೇ ‘ಪೀಚ್’ ಎಂದು ಬದಲಾಯಿಸಿದ ಕಥೆಯನ್ನು ಅವಳಿಗೆ ಹೇಳಲು ಹೋಗಲಿಲ್ಲ. ‘ನಿನ್ನ ಕೈಗೆ ಯಾವುದು ಸರಿಹೋಗುತ್ತೆ ಹಿಡಿದು ನೋಡು’ ಎಂದೆ. ಒಂದೊಂದೇ ಕಡ್ಡಿಯನ್ನು ಮಣಿಕಟ್ಟಿನ ಮೇಲಿಟ್ಟು ನೋಡಿದಳು. ಕೊನೆಗೆ ಉಳಿದದ್ದು ಕಳ್ಳನಿಗೆ ಹಚ್ಚಿದ ಕಂದು. ಸ್ವಲ್ಪ ಹೊತ್ತು ಸುಮ್ಮನಿದ್ದು, ಪುಟ ತಿರುವಿ, ಅಲ್ಲಿದ್ದ ಇನ್ನೊಬ್ಬ ರಾಜಕುಮಾರಿಗೆ ಅದರಿಂದ ತೋಳು ತುಂಬಿದಳು. ಮುಖದ ಹತ್ತಿರ ಬಂದಾಗ ಕೈ ತಡೆಯಿತು. ‘ಮುಖಕ್ಕೂ ಇದೇನಾ ತಾತ?’ ಎಂದು ಕೇಳಿ, ನನ್ನ ಉತ್ತರಕ್ಕೂ ಕಾಯದೆ ಕಡ್ಡಿಯನ್ನು ಕೆಳಗಿಟ್ಟು ಹೊರಗೆ ಆಡಲು ಓಡಿದಳು. ತೋಳು ಕಂದು, ಮುಖ ಖಾಲಿ ಇರುವ ಆ ಪುಟ ಇನ್ನೂ ನನ್ನ ಮೇಜಿನ ಮೇಲಿದೆ.